ಲಿಸ್ಬನ್‌ನ ಸಾಂಟಾ ಜುಸ್ಟಾ ಲಿಫ್ಟ್: ಹತ್ತೋದಕ್ಕಿಂತ ಇಳಿಯೋದು ವಾಸಿ

ಬೆಂಗಳೂರಿನಲ್ಲಿ 31 ವರ್ಷ ಲಿಫ್ಟ್ ರಿಪೇರಿ ಮಾಡಿದವನು ನಾನು. ರಿಟೈರ್ ಆದ ಮೇಲೆ 2024ರ ಮೇ ತಿಂಗಳಲ್ಲಿ ಮಗಳ ಮನೆಗೆಂದು ಲಿಸ್ಬನ್‌ಗೆ ಹೋದೆ. "ಅಪ್ಪಾ, ನಿಮಗಂತಲೇ ಒಂದು ಜಾಗ ಇದೆ" ಎಂದು ಅವಳು ಮೊದಲ ಶನಿವಾರವೇ ಕರೆದುಕೊಂಡು ಹೋದದ್ದು ಒಂದು ಲಿಫ್ಟಿಗೆ. ಹೆಂಡತಿ ಹಣೆ ಚಚ್ಚಿಕೊಂಡಳು.

ಲಿಸ್ಬನ್ ಪೂರ್ತಿ ಗುಡ್ಡಗಳ ಊರು. ಕೆಳಗೆ ಬೈಶಾ ಎಂಬ ಪೇಟೆ, ಪಕ್ಕದ ಗುಡ್ಡದ ಮೇಲೆ ಕಾರ್ಮೊ ಚೌಕ. ಹಿಂದೆ ಕೆಳಗಿಂದ ಮೇಲಕ್ಕೆ ಹೋಗಬೇಕಾದರೆ ಮೆಟ್ಟಿಲು ಹತ್ತಿ ಏದುಸಿರು ಬಿಡಬೇಕಿತ್ತು. ಅದಕ್ಕೇ 1902ರ ಜುಲೈನಲ್ಲಿ ಈ ಲಿಫ್ಟ್ ಶುರುವಾಯಿತು. ಕಟ್ಟಿದ್ದು ರಾವೂಲ್ ಮೆನಿಯೆ ದು ಪೊನ್ಸಾರ್ ಎಂಬ ಎಂಜಿನಿಯರ್. ಮೊದಲ ಐದು ವರ್ಷ ಓಡಿದ್ದು ಹಬೆಯಿಂದ, 1907ರಲ್ಲಿ ಕರೆಂಟ್ ಬಂತು. ಹಬೆ ಎಂಜಿನ್ ಇಟ್ಟುಕೊಂಡು ಲಿಫ್ಟನ್ನು ಸರಿಯಾಗಿ ಮಹಡಿ ಮಟ್ಟಕ್ಕೆ ನಿಲ್ಲಿಸೋದು ಎಂಥ ಕೆಲಸ ಅಂತ ನನ್ನ ಕಸುಬಿನವರಿಗೆ ಗೊತ್ತು. ನಾವು ಎಲ್ಲಾ ಎಲೆಕ್ಟ್ರಾನಿಕ್ ಬೋರ್ಡು ಇದ್ದೂ ಅರ್ಧ ಇಂಚು ತಪ್ಪಿಸಿ ಬೈಸಿಕೊಂಡಿದ್ದೇವೆ.

ರೂವಾ ದು ಓರು, ಅಂದರೆ ಚಿನ್ನದ ಬೀದಿ. ಅಲ್ಲಿಂದ ಓಣಿಯೊಳಗೆ ತಿರುಗಿ ನೋಡಿದರೆ ಎದುರಿಗೇ ನಿಂತಿರುತ್ತದೆ. ನನಗೆ ತಟ್ಟನೆ ನೆನಪಾದದ್ದು ನಮ್ಮ ಹುಬ್ಬಳ್ಳಿ ಸಿದ್ಧಾರೂಢ ಮಠದ ತೇರು. ಕಬ್ಬಿಣದಲ್ಲಿ ಮಾಡಿದ, ಎಳೆಯದೆ ನಿಂತ 45 ಮೀಟರ್ ಎತ್ತರದ ತೇರು. ಕಂಬ ಕಂಬಕ್ಕೂ ಹಳೆಯ ಚರ್ಚುಗಳಲ್ಲಿ ಇರುವಂಥ ಚೂಪು ಕಮಾನು, ಲೇಸಿನ ಹಾಗೆ ಕೊರೆದ ಜಾಲರಿ. ನಾವು ಲಿಫ್ಟನ್ನು ಗೋಡೆ ಕಟ್ಟಿ ಬಚ್ಚಿಡುತ್ತೇವೆ. ಇವರು ಲಿಫ್ಟನ್ನೇ ಕಟ್ಟಡ ಮಾಡಿ ಬೀದಿಯಲ್ಲಿ ನಿಲ್ಲಿಸಿದ್ದಾರೆ. 2002ರಲ್ಲಿ ಇದನ್ನು ರಾಷ್ಟ್ರೀಯ ಸ್ಮಾರಕ ಅಂತಲೂ ಘೋಷಿಸಿದರು. ನನ್ನ ಸರ್ವೀಸಿನಲ್ಲಿ ಲಿಫ್ಟಿಗೆ ಸಿಕ್ಕಿದ್ದೆಲ್ಲ ಬೈಗುಳ. ಮರ್ಯಾದೆ ಸಿಕ್ಕಿದ್ದನ್ನು ನೋಡಿದ್ದು ಇದೇ ಮೊದಲು.

ಈಗ ಕ್ಯೂ ವಿಷಯ. ಶನಿವಾರ ಬೆಳಗ್ಗೆ 11ಕ್ಕೆ ಹೋದದ್ದು ನಮ್ಮದೇ ತಪ್ಪು. 50 ನಿಮಿಷ ನಿಂತೆವು. ಮುಂದಿದ್ದ ಅಜ್ಜ "ಪಗಾರ್" ಅಂತ ಏನೋ ಹೇಳಿ ಕಾರ್ಡ್ ತೆಗೆದ. ಹೆಂಡತಿ ಕಿವಿ ನಿಮಿರಿತು. ನಮ್ಮ ಕಡೆ ಪಗಾರ ಅಂದರೆ ಸಂಬಳ, ಕೈಗೆ ಬರೋದು. ಆ ಮಾತು ಪೋರ್ಚುಗೀಸರಿಂದಲೇ ನಮಗೆ ಬಂದದ್ದಂತೆ. ಇಲ್ಲಿ ಪಗಾರ್ ಅಂದರೆ ದುಡ್ಡು ಕೊಡೋದು, ಕೈಯಿಂದ ಹೋಗೋದು!

ಹೋಗುವುದು ಸಣ್ಣ ಮೊತ್ತವೂ ಅಲ್ಲ. ನಾವು ಹೋದ 2024ರಲ್ಲಿ ಹೋಗಿ ಬರೋಕೆ ತಲೆಗೆ ಹೆಚ್ಚುಕಮ್ಮಿ 6 ಯೂರೋ ಇತ್ತು, ನಮ್ಮ ಐನೂರು ರೂಪಾಯಿಗೂ ಜಾಸ್ತಿ. ಬಸ್, ಟ್ರಾಮ್, ಮೆಟ್ರೋ ಎಲ್ಲಕ್ಕೂ ಆಗುವ 24 ಗಂಟೆಯ ಪಾಸ್‌ಗೂ ಆಗ ಸುಮಾರು ಅಷ್ಟೇ ಇತ್ತು, ಮತ್ತು ಅದರಲ್ಲಿ ಈ ಲಿಫ್ಟೂ ಸೇರಿತ್ತು. ಬಿಡಿ ಟಿಕೆಟ್ ತಗೊಂಡವರೇ ಪೆದ್ದರು.

ಒಳಗೆ ಹೋದರೆ ಹೊಳೆಯುವ ಮರ, ಹಿತ್ತಾಳೆ, ಕಿಟಕಿ ಗಾಜು. ಇಂಥವು ಎರಡು ಕ್ಯಾಬಿನ್ ಇವೆ. ಲಿಫ್ಟ್‌ಮ್ಯಾನ್ ಕೂಡ ಇದ್ದಾರೆ! ನಮ್ಮಲ್ಲಿ ಹಳೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟೂಲ್ ಮೇಲೆ ಕೂತಿರುತ್ತಿದ್ದರಲ್ಲ, ಅವರ ನೆನಪಾಯಿತು. ಹೊರಟಾಗ ಜರ್ಕ್ ಇಲ್ಲ, ನಿಂತಾಗಲೂ ಇಲ್ಲ. ಕ್ಯಾಬಿನ್ ಹಿಡಿದು ಸಾಗುವ ಕಬ್ಬಿಣದ ಕಂಬಿಯ, ಅಂದರೆ ಗೈಡ್ ರೈಲಿನ, ಸದ್ದು ಕೇಳೋಣ ಅಂತ ಗೋಡೆಗೆ ಕಿವಿ ಕೊಟ್ಟೆ. ಸುತ್ತ ಹತ್ತು ಭಾಷೆಯ ಗಲಾಟೆ, ಏನೂ ಕೇಳಲಿಲ್ಲ. ಮೇಲೆ ತಲುಪಿದ ಮೇಲೆ "ಮಶೀನ್ ರೂಮ್ ನೋಡಬಹುದಾ?" ಅಂತ ಮಗಳ ಕೈಲಿ ಕೇಳಿಸಿದೆ. ಲಿಫ್ಟ್‌ಮ್ಯಾನ್ ನಕ್ಕು ತಲೆ ಅಲ್ಲಾಡಿಸಿದರು. ಕೇಳೋದರಲ್ಲಿ ತಪ್ಪೇನಿದೆ, ಅಲ್ವಾ?

ಒಟ್ಟು ಪ್ರಯಾಣ ಒಂದು ನಿಮಿಷದೊಳಗೇ ಮುಗಿಯಿತು. ಜನ ತುಂಬಿದ್ದರಿಂದ ಕಿಟಕಿಯಲ್ಲಿ ನನಗೆ ಕಂಡದ್ದು ಒಬ್ಬರ ಟೋಪಿ. 50 ನಿಮಿಷ ನಿಂತು ಒಂದು ನಿಮಿಷ ಹೋಗೋದು ಯಾವ ಲೆಕ್ಕ?

ಆದರೆ ಮೇಲಿನ ಕಥೆ ಬೇರೆ. ಲಿಫ್ಟ್ ಬಿಡುವ ಮಟ್ಟದಿಂದ ಇನ್ನೂ ಮೇಲೆ, ಸುರುಳಿ ಮೆಟ್ಟಿಲು ಹತ್ತಿದರೆ ತುದಿಯ ಮಹಡಿ. ಮೆಟ್ಟಿಲು ಬಹಳ ಇಕ್ಕಟ್ಟು. ಎದುರಿಗೆ ಒಬ್ಬರು ಬಂದರೆ ಹೊಟ್ಟೆ ಒಳಗೆಳೆದುಕೊಳ್ಳಬೇಕು. ಮಂಡಿ ನೋವಿನವರಿಗೆ ಬೇಡವೇ ಬೇಡ. ಹೆಂಡತಿ ಕೆಳಗೇ ಉಳಿದಳು. ತುದಿಯಲ್ಲಿ ನಿಂತರೆ ಎದುರು ಗುಡ್ಡದ ಮೇಲೆ ಸಾವ್ ಜಾರ್ಜ್ ಕೋಟೆ, ಬಲಕ್ಕೆ ತೇಜು ನದಿ, ಎಡಕ್ಕೆ ರೊಸ್ಸಿಯೊ ಚೌಕದ ಕಪ್ಪು ಬಿಳುಪು ಕಲ್ಲಿನ ಅಲೆಗಳು. ಕೆಳಗೆ ಬೈಶಾದ ಬೀದಿಗಳು ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ನೇರ. 1755ರ ಭೂಕಂಪದಲ್ಲಿ ನೆಲಸಮ ಆದ ಪೇಟೆಯನ್ನು ಹೊಸದಾಗಿ ಕಟ್ಟಿದ್ದಕ್ಕೆ ಅಷ್ಟು ನೇರ. ತಿರುಗಿದರೆ ಬೆನ್ನ ಹಿಂದೆಯೇ ಕಾರ್ಮೊ ಚರ್ಚು. ಅದೇ ಭೂಕಂಪಕ್ಕೆ ಛಾವಣಿ ಕಳಚಿದ್ದು, ಹಾಗೇ ಬಿಟ್ಟಿದ್ದಾರೆ. ಬರಿಯ ಕಮಾನುಗಳು ಆಕಾಶಕ್ಕೆ ತೆರೆದು ನಿಂತಿವೆ. ನಾನು ಅಲ್ಲಿ ಅರ್ಧ ಗಂಟೆ ನಿಂತೆ. ಕೆಳಗಿಂದ ಹೆಂಡತಿಯ ಫೋನ್ ಎರಡು ಸಲ ಬಂತು.

ಅದಕ್ಕೇ ನಾನು ಹೇಳೋದು, ಲಿಫ್ಟ್ ಹತ್ತೋಕೆ ಕ್ಯೂ ನಿಲ್ಲಬೇಡಿ. ಬೈಶಾ-ಶಿಯಾದು ಮೆಟ್ರೋ ನಿಲ್ದಾಣದೊಳಗೆ ಉದ್ದನೆಯ ಎಸ್ಕಲೇಟರ್‌ಗಳಿವೆ, ಪೇಟೆ ಕಡೆಯಿಂದ ಒಳಗೆ ಹೋಗಿ ಗುಡ್ಡದ ಮೇಲೆ ಹೊರಗೆ ಬರಬಹುದು. ಅಲ್ಲಿಂದ ಕಾರ್ಮೊ ಚೌಕಕ್ಕೆ ಐದು ನಿಮಿಷ. ಚೌಕದಲ್ಲಿ ಸ್ವಲ್ಪ ಕೂತುಕೊಳ್ಳಿ. 1974ರ ಏಪ್ರಿಲ್ 25ರಂದು ಪೋರ್ಚುಗಲ್‌ನ ಸರ್ವಾಧಿಕಾರದ ಕೊನೆಯ ಪ್ರಧಾನಿ ಕೈತಾನೊ ಅಡಗಿ ಕೂತು ಶರಣಾದ ರಾಷ್ಟ್ರೀಯ ರಿಪಬ್ಲಿಕನ್ ಗಾರ್ಡ್ ಪಡೆಯ ಬ್ಯಾರಕ್ ಇರುವುದು ಇಲ್ಲೇ. ಆಮೇಲೆ ಚರ್ಚಿನ ಪಕ್ಕದಿಂದ, ಗುಡ್ಡವನ್ನು ಲಿಫ್ಟಿನ ಮೇಲ್ಮಟ್ಟಕ್ಕೆ ಜೋಡಿಸುವ ಸೇತುವೆಗೆ ಬನ್ನಿ. ಸೇತುವೆವರೆಗೂ ಕಾಸು ಕೊಡಬೇಕಿಲ್ಲ. ಇಳಿಯೋರ ಕ್ಯೂ ಚಿಕ್ಕದು.

ನಾನು ಮುಂದಿನ ವಾರ ಸಂಜೆ ಮತ್ತೆ ಹೋಗಿ ಹಾಗೇ ಮಾಡಿದೆ. ಕ್ಯಾಬಿನ್‌ನಲ್ಲಿ ಏಳೆಂಟು ಜನ. ಈ ಸಲ ಕಿಟಕಿ ಪಕ್ಕ ಜಾಗ ಸಿಕ್ಕಿತು, ಕಬ್ಬಿಣದ ಕಮಾನುಗಳು ಒಂದೊಂದಾಗಿ ಮೇಲಕ್ಕೆ ಸರಿದು ಹೋದವು. ಸದ್ದೂ ಕೇಳಿತು. ಸಣ್ಣಗೆ, ಎಣ್ಣೆ ಸರಿಯಾಗಿ ಬಿದ್ದ ಸದ್ದು. ಕೆಳಗೆ ಬಾಗಿಲು ತೆರೆದಾಗ ಹೊಸ್ತಿಲು ನೆಲಕ್ಕೆ ಎಷ್ಟು ಸಮ ನಿಂತಿದೆ ಅಂತ ಬಗ್ಗಿ ಬೆರಳಿಟ್ಟು ನೋಡುತ್ತಿದ್ದೆ. ಹೆಂಡತಿ ತೋಳು ಹಿಡಿದು ಎಳೆದಳು.

"ಸಾಕು ಬರ್ರಿ. ಇದಕ್ಕ ಯಾರೂ ನಿಮಗ ಪಗಾರ ಕೊಡೂದಿಲ್ಲ."