ಮೇಲೆ ಕ್ಯಾರಿಯರ್ರೋ ಹಿಂದೆ ಡಿಕ್ಕಿನೋ: ಎರಡು ಬೇಸಿಗೆ, ಒಂದೇ ರೂಟು

ಬೆಂಗಳೂರಿಂದ ಹಂಪಿ, ಅಲ್ಲಿಂದ ಬಾದಾಮಿ, ಎರಡು ವರ್ಷ ಮೇ ತಿಂಗಳಲ್ಲೇ ಹೋಗಿ ಬಂದಿದೀವಿ. ಆ ಬಿಸಿಲಲ್ಲಿ ಹೊಸಪೇಟೆ ಕಡೆ ಯಾರಾದ್ರೂ ಹೋಗ್ತಾರಾ ಅಂತ ಬೈಬೇಡಿ, ಮಕ್ಕಳಿಗೆ ರಜಾ ಇರೋದೇ ಆವಾಗ. ಕಾರು ಅದೇ ಚಿಕ್ಕ ಹ್ಯಾಚ್‌ಬ್ಯಾಕು, ಜನಾನೂ ಅದೇ ಐದು: ನಾವಿಬ್ರು, ಅಮ್ಮ, ಎರಡು ಮಕ್ಕಳು. ಪ್ಯಾಕಿಂಗ್ ಮಾತ್ರ ಎರಡು ಸಲನೂ ಪೂರ್ತಿ ಬೇರೆ.

ಮೊದಲ್ನೇ ಸಲ ರೂಫ್ ಕ್ಯಾರಿಯರ್ ಹಾಕ್ಸಿದ್ದೆ. ಮ್ಯಾನ್ಯುಯಲ್ ತೆಗೆದು ನೋಡಿದ್ರೆ ಮೇಲೆ 50 ಕೆಜಿ ಅಷ್ಟೇ, ಅದೂ ಕ್ಯಾರಿಯರ್ ತೂಕ ಸೇರಿ! ಕ್ಯಾರಿಯರ್ರೇ 12 ಕೆಜಿ, ಮನೆ ತೂಕದ ಮಷಿನ್ ಮೇಲಿಟ್ಟು ನೋಡಿದ್ರೆ ಎರಡು ಸೂಟ್‌ಕೇಸು ತಲಾ 18, ಅಲ್ಲಿಗೆ 48 ಆಯ್ತು, ಮೇಲೆ ಟಾರ್ಪಾಲು ಹಗ್ಗ. ತುಮಕೂರು ತನಕ ಏನೂ ಗೊತ್ತಾಗ್ಲಿಲ್ಲ. ಶಿರಾ ದಾಟಿದ್ಮೇಲೆ ಟಾರ್ಪಾಲಿನ ಒಂದು ಮೂಲೆ ಬಿಚ್ಕೊಂಡು ಪಟಪಟ ಅಂತ ತಲೆ ಮೇಲೇ ಹೊಡ್ಕೊಳಕ್ಕೆ ಶುರು ಆಯ್ತು, ಮೂರು ಸಲ ಸೈಡಿಗೆ ಹಾಕಿ ಕಟ್ಟಿದೀನಿ, ಅಷ್ಟೊತ್ತಿಗೆ ಕ್ಯಾರಿಯರ್ ಕಂಬಿ ಮುಟ್ಟಿದ್ರೆ ಕೈ ಸುಡ್ತಿತ್ತು. ಚಿತ್ರದುರ್ಗದ ಹತ್ರ ಅಡ್ಡಗಾಳಿ ಬೇರೆ, ಅಲ್ಲಿ ಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಸಿದಾರಾ ಮತ್ತೆ. ಮೇಲೆ ಭಾರ ಇದ್ರೆ ಗಾಡಿ ತೂಗಾಡತ್ತೆ ಅನ್ನೋದು ಅವತ್ತೇ ಅರ್ಥ ಆಗಿದ್ದು, 80ರ ಮೇಲೆ ಹೋಗೋ ಧೈರ್ಯನೇ ಬರ್ಲಿಲ್ಲ. ಮೈಲೇಜು ಲೆಕ್ಕ ಹಾಕಿದ್ರೆ 16ಕ್ಕೆ ಇಳಿದಿತ್ತು.

ಎರಡ್ನೇ ಸಲ ಕ್ಯಾರಿಯರ್ ಬಿಚ್ಚಿ ಅಟ್ಟಕ್ಕೆ ಹಾಕ್ದೆ, ಸೂಟ್‌ಕೇಸೂ ಬೇಡ ಅಂತ ಆರು ಬಟ್ಟೆ ಬ್ಯಾಗು. ಬಟ್ಟೆ ಬ್ಯಾಗಿಂದು ಲಾಭ ಏನಪ್ಪಾ ಅಂದ್ರೆ ಡಿಕ್ಕಿ ಸಂದಿಗೊಂದಿಗೆಲ್ಲ ತುರುಕ್ಬಹುದು, ಸೂಟ್‌ಕೇಸು ಎರಡಿಟ್ರೆ ಡಿಕ್ಕಿ ಮುಗೀತು. ಭಾರದ್ದು ಕೆಳಗೆ, ಸೀಟಿಗೆ ಒತ್ಕೊಂಡು. ಸೀಟಿನ ಬೆನ್ನಿಗಿಂತ ಎತ್ತರ ಏನೂ ಪೇರಿಸ್ಬೇಡಿ, ಬ್ರೇಕ್ ಹೊಡೆದ್ರೆ ಮಕ್ಕಳ ತಲೆ ಮೇಲೇ ಬರತ್ತೆ. ಮೈಲೇಜು 19, ಗಾಡಿ ಕೂಡ ಗಟ್ಟಿಯಾಗಿ ಕೂತಿತ್ತು.

ಇಷ್ಟಕ್ಕೇ ಡಿಕ್ಕಿ ಗೆದ್ದುಬಿಡ್ತು ಅನ್ಕೋಬೇಡಿ. ಕೂಡ್ಲಿಗಿ ಹತ್ರ ಮಧ್ಯಾಹ್ನ ಎರಡು ಗಂಟೆಗೆ ಪಂಕ್ಚರ್. ಸ್ಟೆಪ್ನಿ ಎಲ್ಲಿ? ಡಿಕ್ಕಿಯ ತಳದಲ್ಲಿ, ಜಾಕೂ ಅಲ್ಲೇ. ಆರು ಬ್ಯಾಗು, ಊಟದ ಬುಟ್ಟಿ, ಅಮ್ಮನ ಚಟ್ನಿಪುಡಿ ಡಬ್ಬ ಎಲ್ಲಾ ರೋಡ್ ಪಕ್ಕ ಹರಡಿ, ಅಮ್ಮ ಒಂದು ಬೇವಿನ ಮರದ ಕೆಳಗೆ ಕೂತು "ಕ್ಯಾರಿಯರ್ ಇದ್ದಿದ್ರೆ ಈ ಗೋಳಿರ್ತಿರ್ಲಿಲ್ಲ ನೋಡು" ಅಂದ್ರು. ತಪ್ಪೇನಿಲ್ಲ ಅವರು ಹೇಳಿದ್ದು. ಈಗ ಜಾಕು, ಸ್ಪ್ಯಾನರ್ರು, ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ಟು, 12 ವೋಲ್ಟಿನ ಪುಟಾಣಿ ಪಂಪು ಇಷ್ಟೂ ಮುಂದಿನ ಸೀಟಿನ ಕೆಳಗೇ ಇರತ್ತೆ.

ನೀರಿಗೆ ಮೂರು ಟ್ರೈ ಮಾಡಿದೀನಿ. ಥರ್ಮಾಕೋಲ್ ಡಬ್ಬಕ್ಕೆ ಐಸು ತುಂಬಿದ್ದು ಪೂರ್ತಿ ವೇಸ್ಟು, ಮಕ್ಕಳು ಹತ್ತು ನಿಮಿಷಕ್ಕೊಂದ್ಸಲ ಮುಚ್ಚಳ ತೆಗೆದು ಹಿರಿಯೂರಿಗೇ ಐಸೆಲ್ಲ ನೀರಾಗಿ ಒಳಗಿದ್ದ ಮಾವಿನಹಣ್ಣು ತೇಲ್ತಿತ್ತು. ನಲ್ಲಿ ಇರೋ 10 ಲೀಟರಿನ ಕೂಲ್ ಜಗ್ಗು ಎಷ್ಟೋ ವಾಸಿ, ರಾತ್ರಿನೇ ತಣ್ಣೀರು ಹಾಕಿಟ್ರೆ ಸಂಜೆ ತನಕ ಪರವಾಗಿಲ್ಲ. ನಂಗೆ ಇಷ್ಟ ಆಗಿದ್ದು ಮೂರನೇದು, ಅಮ್ಮಂದೇ ಐಡಿಯಾ: ಸ್ಟೀಲ್ ಬಾಟಲಿಗೆ ಒದ್ದೆ ಹತ್ತಿ ಬಟ್ಟೆ ಸುತ್ತಿ ಗಾಳಿ ತಾಗೋ ಕಡೆ ಇಡೋದು. ಬಟ್ಟೆಯ ನೀರು ಆರ್ತಾ ಆರ್ತಾ ಬಾಟಲಿ ತಂಪಾಗತ್ತೆ. ಆದ್ರೆ ಇದು ಒಣಗಾಳಿ ಇರೋ ಹಂಪಿ ಕಡೆಗೆ ಮಾತ್ರ, ಇದನ್ನೇ ಉಡುಪಿ ಕಡೆ ಮಾಡಕ್ಕೆ ಹೋಗಿ ಬಟ್ಟೆನೂ ಆರ್ಲಿಲ್ಲ ನೀರೂ ತಣ್ಣಗಾಗ್ಲಿಲ್ಲ.

ಬಿಸಿಲಿಗೆ ಹಿಂದಿನ ಕಿಟಕಿಗೆ ಜಾಲಿ ಪರದೆ ಸಾಕು. ಮುಂದಿನ ಗಾಜಿಗೆ ಗಾಡಿ ನಿಲ್ಸಿದಾಗ ಹಾಕೋ ಬೆಳ್ಳಿ ಶೀಟು ತಗೊಳ್ಳಿ, ವಿಠ್ಠಲ ದೇವಸ್ಥಾನಕ್ಕೆ ಅಂತ ಪಾರ್ಕಿಂಗ್‌ನಲ್ಲಿ ಎರಡು ಗಂಟೆ ಬಿಟ್ಟು ಹೋಗಿದ್ವಿ, ಮೊದಲ್ನೇ ವರ್ಷ ಬರೀ ಟವೆಲ್ ಹಾಸಿ ಸ್ಟೇರಿಂಗ್ ಹಿಡಿಯಕ್ಕಾಗ್ದೆ ಬಾಟಲಿ ನೀರು ಸುರಿದಿದೀನಿ, ಶೀಟು ಹಾಕಿದ ವರ್ಷ ಕೂತ ತಕ್ಷಣ ಹೊರಟ್ವಿ.

ಟೈರಿಗೆ ನೈಟ್ರೋಜನ್ನೋ ಮಾಮೂಲಿ ಗಾಳಿನೋ ಅಂತ ಜಾಸ್ತಿ ತಲೆ ಕೆಡಿಸ್ಕೋಬೇಡಿ, ಮಾಮೂಲಿ ಗಾಳಿಲೇ 78 ಪರ್ಸೆಂಟ್ ನೈಟ್ರೋಜನ್ ಇದೆ, ನನಗಂತೂ ವ್ಯತ್ಯಾಸ ಕಾಣ್ಲಿಲ್ಲ. ಬೆಳಿಗ್ಗೆ ಟೈರು ತಣ್ಣಗಿದ್ದಾಗ ಡೋರಿನ ಸ್ಟಿಕ್ಕರ್‌ನಲ್ಲಿರೋ ಫುಲ್ ಲೋಡ್ ನಂಬರಿಗೆ ಹಾಕ್ಸಿ. ನಂದು ಬೆಳಿಗ್ಗೆ 35 ಇದ್ದಿದ್ದು ಮಧ್ಯಾಹ್ನ 39 ತೋರಿಸ್ತು, ಬಂಕ್ ಹುಡುಗ ಗಾಳಿ ಬಿಡಕ್ಕೇ ಬಗ್ಗಿದ್ದ, ಬೇಡ ಮಾರಾಯ ಅಂತ ತಡೆದೆ. ಬಿಸಿ ಟೈರಲ್ಲಿ ಏರೋದು ಸಹಜ, ಆವಾಗ ಬಿಟ್ರೆ ಮಾರನೇ ದಿನ ಕಮ್ಮಿ ಆಗತ್ತೆ. ಇಂಜಿನ್ ತಂಪಾಗಿಡೋ ಕೂಲಂಟ್‌ಗೆ ನಲ್ಲಿನೀರು ಬೇಡ, ರೆಡಿ ಮಿಕ್ಸ್ ಒಂದು ಲೀಟರ್ ಇಟ್ಕೊಳ್ಳಿ, ಇಂಜಿನ್ ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ಮುಟ್ಟಕ್ಕೇ ಹೋಗ್ಬೇಡಿ.

ಈ ಸಲ ನನ್ನ ಓಟು ಡಿಕ್ಕಿಗೇ. ಅಮ್ಮಂದು ಇನ್ನೂ ಕ್ಯಾರಿಯರ್‌ಗೇ, ಬಾದಾಮಿಯಿಂದ ವಾಪಸ್ ಬರ್ತಾ ಇಳಕಲ್ ಸೀರೆ ಎಲ್ಲಿಡ್ತೀಯಾ ಅಂತ ಈಗ್ಲೇ ಕೇಳ್ತಿದಾರೆ. ಅಟ್ಟದಿಂದ ಇಳಿಸಿ ನೋಡ್ದೆ, ನಾಲ್ಕು ಕ್ಲಾಂಪಲ್ಲಿ ಒಂದು ಕಾಣ್ತಿಲ್ಲ. ನಾನಂತೂ ಹುಡುಕಿಲ್ಲ.