ಮಡಿಕೇರಿಯ ಸಂಜೆ ತರಗತಿ: ಕೋಡನ್ನು ಗಟ್ಟಿಯಾಗಿ ಓದಿಸುವ ಪಾಠ

ಮಡಿಕೇರಿಯ ಸಣ್ಣ ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ಪ್ರೋಗ್ರಾಮಿಂಗ್ ಮತ್ತು ಡೇಟಾಬೇಸ್ ವಿಷಯಗಳನ್ನು ಕನ್ನಡದಲ್ಲಿ ಕಲಿಸುವ ಸಂಜೆ ತರಗತಿಯನ್ನು ನಾನು ಈಚೆಗೆ ಮುಗಿಸಿದೆ. ಬೋರ್ಡಿನ ಮೇಲೆ ಬರೆದ ಪ್ರತಿ ಸಾಲನ್ನೂ ವಿದ್ಯಾರ್ಥಿಗಳಿಂದ ಗಟ್ಟಿಯಾಗಿ ಓದಿಸುವುದೇ ಇದರ ಹೆಚ್ಚುಗಾರಿಕೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ ಅಥವಾ ಮಲಯಾಳಂ ಆಡಿ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹಲವರಿಗೆ ಕೋಡ್ ಬರೆಯಲು ಬಂದರೂ ಅದನ್ನು ಬಾಯಿಬಿಟ್ಟು ಹೇಳಲು ಅಂಜಿಕೆ. ಸಂದರ್ಶನದಲ್ಲಿ ತೊಡಕಾಗುವ ಆ ಅಂಜಿಕೆಯನ್ನು ಇಲ್ಲಿ ತಾಳ್ಮೆಯಿಂದ ಬಿಡಿಸುತ್ತಾರೆ.

‘ಕ್ಯಾರೆಕ್ಟರ್’ ಎಂಬುದರ ಮೊಟಕು ರೂಪವಾಗಿ ಕೋಡಿನಲ್ಲಿ ಸಿ, ಎಚ್, ಎ, ಆರ್ ಎಂದು ಬರೆಯುವ ಕೀವರ್ಡನ್ನು (ನಿಗದಿತ ಅರ್ಥವಿರುವ ಪದವನ್ನು) ಕೆಲವರು ‘ಕ್ಯಾರ್’ ಎಂದರೆ ಕೆಲವರು ‘ಚಾರ್’ ಎನ್ನುತ್ತಾರೆ. ಸಿ ಪ್ಲಸ್ ಪ್ಲಸ್ ಭಾಷೆಯನ್ನು ರೂಪಿಸಿದ ಸ್ಟ್ರೌಸ್ಟ್ರಪ್ ಅವರು ‘ಚಾರ್’ ಎಂಬುದೇ ಸಾಮಾನ್ಯ ರೂಢಿ ಎಂದಿರುವುದನ್ನು ತಿಳಿಸಿದ ಅಧ್ಯಾಪಕರು, ಬೇರೆ ರೀತಿಯಲ್ಲಿ ಹೇಳಿದವರನ್ನು ನಗೆಗೀಡು ಮಾಡಲಿಲ್ಲ. ಡೇಟಾಬೇಸಿನಲ್ಲಿರುವ ಮಾಹಿತಿಯನ್ನು ಕೇಳಿ ಪಡೆಯಲು ಬಳಸುವ ಎಸ್‌ಕ್ಯೂಎಲ್ ಭಾಷೆಯ ಪಾಠ ಇನ್ನೂ ಚೆನ್ನಾಗಿತ್ತು. ಐಬಿಎಂನ ಚೇಂಬರ್ಲಿನ್ ಮತ್ತು ಬಾಯ್ಸ್ 1974ರಲ್ಲಿ ಈ ಭಾಷೆಯನ್ನು ‘ಸೀಕ್ವೆಲ್’ ಎಂಬ ಹೆಸರಿನಲ್ಲೇ ಪ್ರಕಟಿಸಿದ್ದರು. ಆ ಹೆಸರು ಬೇರೊಂದು ಕಂಪನಿಯ ಟ್ರೇಡ್‌ಮಾರ್ಕ್ ಆಗಿದ್ದರಿಂದ ಅದನ್ನು ಮೂರಕ್ಷರಕ್ಕೆ ಇಳಿಸಬೇಕಾಯಿತು. ಹಾಗಾಗಿ ‘ಸೀಕ್ವೆಲ್’ ಎನ್ನುವವರು ಹಳೆಯ ಹೆಸರನ್ನೇ ಉಳಿಸಿಕೊಂಡಿದ್ದಾರೆಯೇ ಹೊರತು ತಪ್ಪು ಹೇಳುತ್ತಿಲ್ಲ. ಈ ಭಾಷೆಯನ್ನು ಬಳಸುವ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದ ಕೈಪಿಡಿ ಅಕ್ಷರಗಳನ್ನು ಬಿಡಿಸಿ ಹೇಳುವುದನ್ನೇ ಅಧಿಕೃತವೆಂದರೂ ‘ಮೈ ಸೀಕ್ವೆಲ್’ ಎಂಬುದಕ್ಕೆ ಆಕ್ಷೇಪಿಸುವುದಿಲ್ಲ. ಇಂತಹ ಕಾರಣ ತಿಳಿದ ಮೇಲೆ ಎರಡೂ ಉಚ್ಚಾರಣೆಗಳು ಕಿವಿಗೆ ಬಿದ್ದಾಗ ಗೊಂದಲವಾಗುವುದಿಲ್ಲ.

ಕೊರತೆಯಿರುವುದು ಮುದ್ರಿತ ಟಿಪ್ಪಣಿಗಳಲ್ಲಿ. ಅವುಗಳಲ್ಲಿ ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದಾರೆ, ಪಕ್ಕದಲ್ಲಿ ಮೂಲ ಕಾಗುಣಿತವಿಲ್ಲ. ಕಂಪ್ಯೂಟರಿಗೆ ಕೊಡುವ ಆದೇಶವೊಂದನ್ನು ‘ಸೂಡೂ’ ಎಂದು ಓದಿದವನಿಗೆ ಕೀಬೋರ್ಡಿನಲ್ಲಿ ಎಸ್, ಯು, ಡಿ, ಒ ಒತ್ತಬೇಕೆಂದು ಹೇಗೆ ಹೊಳೆಯಬೇಕು? ‘ಎಂಜಿನ್ ಎಕ್ಸ್’ ಎಂಬ ವೆಬ್ ಸರ್ವರ್‌ನ ಹೆಸರು ಎನ್ ಅಕ್ಷರದಿಂದ ಶುರುವಾಗುತ್ತದೆ ಎಂಬುದು ಕೇಳಿದಷ್ಟರಿಂದ ಗೊತ್ತಾಗುವಂಥದ್ದಲ್ಲ.

ಚಿಹ್ನೆಗಳ ವಿಷಯದಲ್ಲಿಯೂ ಒಂದು ಒಪ್ಪಂದ ಬೇಕಿತ್ತು. ಮಳೆಗಾಲದಲ್ಲಿ ತರಗತಿಗೆ ಬರಲಾಗದವರಿಗೆ ಫೋನಿನಲ್ಲಿ ಪಾಠ ಹೇಳುವ ಸೌಲಭ್ಯ ನಿಜಕ್ಕೂ ಉಪಕಾರಿ. ಆದರೆ ನೆಟ್‌ವರ್ಕ್ ಕಡಿದು ಕಡಿದು ಬರುವಾಗ ಬರಿದೇ ‘ಬ್ರಾಕೆಟ್’ ಎಂದರೆ ದುಂಡನೆಯದೋ, ಚೌಕದ್ದೋ, ಬಳ್ಳಿಯಂಥದ್ದೋ ತಿಳಿಯದೆ ಇಡೀ ಸಾಲು ಕೆಡುತ್ತದೆ.

ಹೊಸದಾಗಿ ಕಲಿಯುವವರಿಗೆ ಈ ತರಗತಿಯನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಆದರೆ ಟಿಪ್ಪಣಿಗಳು ಪರಿಷ್ಕೃತವಾಗುವವರೆಗೆ, ಪ್ರತಿ ಪದದ ಇಂಗ್ಲಿಷ್ ಕಾಗುಣಿತವನ್ನು ಬೋರ್ಡಿನಿಂದಲೇ ಬರೆದುಕೊಳ್ಳುವುದು ಒಳ್ಳೆಯದು.