ಲಿರಿಕ್, ಫಾಕ್ಸ್ 36, ಬಾಂಬರ್ ಝಡ್ 1: ನಮ್ಮ ಕರಾವಳಿಯ ಕೆಸರಿಗೆ ಯಾವ ಫೋರ್ಕ್?

ಮಂಗಳೂರು, ಉಡುಪಿ ಕಡೆ ವಾರಕ್ಕೆ ಮೂರ್ನಾಲ್ಕು ದಿನ ಮೌಂಟೇನ್ ಬೈಕ್ ಓಡಿಸುವವರು ಒಳ್ಳೆಯ ಫೋರ್ಕಿಗೆ, ಅಂದರೆ ಮುಂದಿನ ಚಕ್ರವನ್ನು ಹಿಡಿದು ಹೊಡೆತ ನುಂಗುವ ಭಾಗಕ್ಕೆ, ದುಡ್ಡು ಹಾಕುವುದಾದರೆ ರಾಕ್‌ಶಾಕ್ಸ್ ಲಿರಿಕ್ ತೆಗೆದುಕೊಳ್ಳಿ. ಫಾಕ್ಸ್ 36 ಫ್ಯಾಕ್ಟರಿ ಕಲ್ಲಿನ ಇಳಿಜಾರಿನಲ್ಲಿ ಲಿರಿಕ್‌ಗಿಂತ ಗುಲಗುಂಜಿಯಷ್ಟು ಹೆಚ್ಚೇ ನಯ. ಒಳಗೆ ಗಾಳಿಯ ಬದಲು ಉಕ್ಕಿನ ಸ್ಪ್ರಿಂಗ್ ಇರುವ ಮಾರ್ಝೋಕಿ ಬಾಂಬರ್ ಝಡ್ 1 ಕಾಯಿಲ್ ಇವೆರಡಕ್ಕಿಂತ ಸಾಕಷ್ಟು ಅಗ್ಗ. ಇಷ್ಟನ್ನೂ ಒಪ್ಪಿಕೊಂಡೇ ಲಿರಿಕ್ ಎನ್ನುತ್ತಿದ್ದೇನೆ, ಏಕೆಂದರೆ ಜೂನ್ ತಿಂಗಳಲ್ಲಿ ಮನೆಯ ಜಗಲಿಯಲ್ಲಿ ಕೂತು ಯಾರ ಸಹಾಯವೂ ಇಲ್ಲದೆ ಬಿಚ್ಚಿ ಕಟ್ಟಬಹುದಾದ ಫೋರ್ಕ್ ಈ ಮೂರರಲ್ಲಿ ಅದೇ. ಮೂರನ್ನೂ 150 ಮಿ.ಮೀ. ಟ್ರಾವೆಲ್‌ನಲ್ಲಿ (ಫೋರ್ಕ್ ಕುಗ್ಗುವ ದೂರ), ಒಂದೇ ಥರದ ದಾರಿಗಳಲ್ಲಿ ನೋಡಿದ ಮೇಲಿನ ಮಾತಿದು: ಮಣಿಪಾಲದ ಎಂಡ್ ಪಾಯಿಂಟ್ ಕಡೆಯ ಇಳಿಜಾರು, ಪಿಲಿಕುಳ ಸುತ್ತಿನ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಪದವು (ಬಯಲು), ಕಾರ್ಕಳದ ಪಾದೆ (ಬಂಡೆ), ಮತ್ತೆ ಇವುಗಳ ನಡುವೆ ಹಂಪ್ ತುಂಬಿದ ಡಾಂಬರು ರಸ್ತೆ.

ಎತ್ತರದಿಂದ ಹಾರಿಸಿ ಫೋರ್ಕ್ ಹಾಳು ಮಾಡಿಕೊಳ್ಳುವವರು ನಮ್ಮಲ್ಲಿ ಕಡಿಮೆ. ನಮ್ಮಲ್ಲಿ ಅದನ್ನು ತಿನ್ನುವುದು ಕೆಂಪು ಮಣ್ಣು. ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಸುರಿಯುವ ಊರು. ಅದರಲ್ಲಿ ಹೆಚ್ಚಿನದ್ದು ನಾಲ್ಕೇ ತಿಂಗಳಲ್ಲಿ. ಮುರಕಲ್ಲಿನ ಕೆಸರು ಸ್ಟ್ಯಾಂಚನ್ ಮೇಲೆ, ಅಂದರೆ ಜಾರುವ ಆ ನುಣುಪು ಕೊಳವೆಯ ಮೇಲೆ, ವೈಪರ್ ಸೀಲಿನ ತುಟಿಗೆ ಒತ್ತಿಕೊಂಡು ಬಳೆಯ ಹಾಗೆ ಕೂರುತ್ತದೆ. ಫೋರ್ಕ್ ಒಂದೊಂದು ಸಲ ಕುಗ್ಗಿದಾಗಲೂ ಅದರಲ್ಲಿ ಒಂದು ಚೂರು ಒಳಗೆ ಹೋಗುತ್ತದೆ. ಸೀಲಿನ ಕೆಳಗಿರುವ ಫೋಮ್ ರಿಂಗ್ ಮೊದಲು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ರಿಂಗ್ ತುಂಬಿದ ಮೇಲೆ ಮಣ್ಣು ಬುಷ್‌ಗೆ (ಸ್ಟ್ಯಾಂಚನ್ ಜಾರುವ ಒಳಬಳೆಗೆ) ಇಳಿಯುತ್ತದೆ, ಅಲ್ಲಿಂದ ಲೋವರ್‌ನ, ಅಂದರೆ ಚಕ್ರ ಹಿಡಿಯುವ ಕೆಳಗಿನ ಕಾಲುಗಳ, ತಳದ ಎಣ್ಣೆಗೆ. ಒಣ ಊರಿನಲ್ಲಿ ಓಡಿದ ಫೋರ್ಕಿನಿಂದ ಬರುವ ಹಳೆಯ ಎಣ್ಣೆ ಕಪ್ಪು ಅಥವಾ ಬೂದು ಬಣ್ಣ. ನಮ್ಮಲ್ಲಿ ಮಳೆಗಾಲದ ಒಂದು ಆಟಿ ತಿಂಗಳು ಓಡಿಸಿ ಬಿಚ್ಚಿದರೆ ಬರುವುದು ಹಾಲು ಹಾಕಿದ ಚಾದ ಬಣ್ಣದ ದ್ರವ. ಎಣ್ಣೆ, ನೀರು, ಮಣ್ಣು ಮೂರೂ ಕದಡಿ ಒಂದಾಗಿರುತ್ತವೆ. ಬೆರಳಿಗೆ ಹಚ್ಚಿ ಉಜ್ಜಿದರೆ ರವೆಯ ಹಾಗೆ ತರಿತರಿ ಸಿಗುತ್ತದೆ.

ಇದು ಹೊರಗೆ ಹೇಗೆ ತೋರುತ್ತದೆ? ಹ್ಯಾಂಡಲ್ ಮೇಲೆ ನಿಧಾನಕ್ಕೆ ತೂಕ ಹಾಕಿ ನೋಡಿ. ಮೊದಲ ಒಂದು ಸೆಂಟಿಮೀಟರ್ ಕದಲದೆ ನಿಂತು ಆಮೇಲೆ ಜಗ್ಗನೆ ಇಳಿದರೆ ಒಳಗೆ ಒಣಗಿದೆ ಎಂದೇ ಅರ್ಥ. ಓಡಿಸುವಾಗ ಸಣ್ಣ ಸಣ್ಣ ಕಲ್ಲು ಅಂಗೈಗೆ ಚುಚ್ಚುತ್ತದೆ. ಎಲ್ಲರೂ ತಪ್ಪು ಮಾಡುವುದು ಇಲ್ಲಿಯೇ: ಗಟ್ಟಿಯಾಯಿತೆಂದು ಫೋರ್ಕಿನೊಳಗೆ ಸ್ಪ್ರಿಂಗಿನ ಕೆಲಸ ಮಾಡುವ ಗಾಳಿಯನ್ನು ಕಡಿಮೆ ಮಾಡುತ್ತಾರೆ. ಆಗ ಫೋರ್ಕ್ ತಗ್ಗಿ ಕೂರುತ್ತದೆ, ಇಳಿಜಾರಿನಲ್ಲಿ ತಳಕ್ಕೆ ಬಡಿಯುತ್ತದೆ. ಬಡಿಯುವುದನ್ನು ನಿಲ್ಲಿಸಲು ಗಾಳಿಕೋಣೆಗೆ ಟೋಕನ್ (ಗಾಳಿಯ ಜಾಗ ತಗ್ಗಿಸುವ ಪ್ಲಾಸ್ಟಿಕ್ ತುಂಡು) ಸೇರಿಸುತ್ತಾರೆ. ಈಗ ಫೋರ್ಕ್ ಮೇಲೂ ಗಟ್ಟಿ, ಕೆಳಗೂ ಗಟ್ಟಿ. ಬೇಕಾಗಿದ್ದದ್ದು ಹೊಸ ಎಣ್ಣೆ, ಅಷ್ಟೇ.

ಹೀಗೆಯೇ ಬಿಟ್ಟರೆ ಆಮೇಲಿನ ಖರ್ಚು ದೊಡ್ಡದು. ಬುಷ್ ತಾಗುವ ಜಾಗದಲ್ಲಿ, ಹೆಚ್ಚಾಗಿ ಸ್ಟ್ಯಾಂಚನ್ ಹಿಂಬದಿಯಲ್ಲಿ, ಹೊಳಪು ಹೋಗಿ ಮಸುಕು ಪಟ್ಟೆ ಬೀಳುತ್ತದೆ. ಆನೋಡೈಸ್ ಪದರ ಸವೆದ ಗುರುತು ಅದು. ಒಮ್ಮೆ ಹೋದರೆ ಪಾಲಿಶ್ ಮಾಡಿ ಬರುವಂಥದ್ದಲ್ಲ. ಸ್ಟ್ಯಾಂಚನ್, ಕ್ರೌನ್, ಸ್ಟೀರರ್ ಮೂರನ್ನೂ ಕಾರ್ಖಾನೆಯಲ್ಲಿ ಒತ್ತಿ ಕೂರಿಸಿರುವುದರಿಂದ ಇಡೀ ಭಾಗವನ್ನೇ ಬದಲಿಸಬೇಕು. ಫಾಕ್ಸ್‌ನ ಬಂಗಾರ ಬಣ್ಣದ ಕಶಿಮಾ ಲೇಪ ನಿಜಕ್ಕೂ ಒಳ್ಳೆಯ ಲೇಪ. ಆದರೆ ತರಿ ಮಣ್ಣು ಅದನ್ನೂ ಬಿಡುವುದಿಲ್ಲ, ಮತ್ತೆ ಅದನ್ನು ಬದಲಿಸುವಾಗ ಆ ಬಂಗಾರಕ್ಕೂ ಸೇರಿಸಿ ಕೊಡಬೇಕು.

ಹಾಗಾಗಿ ಲೋವರ್ ಸರ್ವಿಸ್, ಅಂದರೆ ಲೋವರ್ ಬಿಚ್ಚಿ ತೊಳೆದು ಎಣ್ಣೆ ಬದಲಿಸುವುದು, ಒಂದೇ ಇಲ್ಲಿ ಮುಖ್ಯ ಸಂಗತಿ. ರಾಕ್‌ಶಾಕ್ಸ್ ಹೇಳುವುದು 50 ಗಂಟೆಗೊಮ್ಮೆ. ಫಾಕ್ಸ್ ಹೇಳುವುದು 125 ಗಂಟೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಅದು. ದಿನಕ್ಕೆ ಒಂದೂವರೆ ಗಂಟೆಯಂತೆ ವಾರಕ್ಕೆ ನಾಲ್ಕು ದಿನ ಓಡಿಸಿದರೆ ಆರು ಗಂಟೆ. 125 ಗಂಟೆ ಆಗಲು ಇಪ್ಪತ್ತೊಂದು ವಾರ ಬೇಕು. ಅಂದರೆ ಮೇ ಕೊನೆಗೆ ಸರ್ವಿಸ್ ಮಾಡಿಸಿದ ಫೋರ್ಕನ್ನು ಅಕ್ಟೋಬರ್ ತನಕ, ಇಡೀ ಮಳೆಗಾಲ, ತೆರೆಯುವ ಹಾಗಿಲ್ಲ ಎಂದಾಯಿತು. ಆ ಲೆಕ್ಕ ನಮ್ಮ ಊರಿಗೆ ಆಗುವುದಿಲ್ಲ. ಯಾವ ಕಂಪನಿಯ ಫೋರ್ಕೇ ಇರಲಿ, ಮಳೆಗಾಲದಲ್ಲಿ 25 ಗಂಟೆಗೊಮ್ಮೆ, ಅಂದರೆ ತಿಂಗಳಿಗೊಮ್ಮೆ ತೆರೆಯಬೇಕು. ತಿಂಗಳಿಗೊಮ್ಮೆ ಫೋರ್ಕನ್ನು ಬೆಂಗಳೂರಿಗೆ ಪಾರ್ಸೆಲ್ ಮಾಡುವುದು ಆಗುವ ಮಾತಲ್ಲ. ಲಿರಿಕ್ ಗೆಲ್ಲುವುದು ಇಲ್ಲಿ.

ಲಿರಿಕ್ ಬಿಚ್ಚುವ ಕ್ರಮ ಹೀಗೆ. ಚಕ್ರ ಮತ್ತು ಬ್ರೇಕ್ ಕ್ಯಾಲಿಪರ್ ತೆಗೆದು ದೂರ ಇಡಿ. ಪ್ಯಾಡ್‌ಗೆ ಒಂದು ಹನಿ ಎಣ್ಣೆ ತಾಗಿದರೂ ಬ್ರೇಕ್ ಕಿರುಚಲು ಶುರು. ಗಾಳಿಯ ಪಿಎಸ್‌ಐ ಬರೆದಿಟ್ಟುಕೊಂಡು ಪೂರ್ತಿ ಬಿಡಿ. ಬಲಗಾಲಿನ ಅಡಿಯ ರೀಬೌಂಡ್ (ಕುಗ್ಗಿದ ಫೋರ್ಕ್ ಮೇಲೇಳುವ ವೇಗದ) ನಾಬ್ ಎಳೆದು ತೆಗೆಯಿರಿ. ಎರಡೂ ಕಾಲಿನ ಅಡಿಯ ಬೋಲ್ಟ್‌ಗಳನ್ನು 5 ಮಿ.ಮೀ. ಅಲೆನ್ ಕೀಯಿಂದ ಮೂರು ನಾಲ್ಕು ಸುತ್ತು ಸಡಿಲಿಸಿ, ಪೂರ್ತಿ ತೆಗೆಯಬೇಡಿ. ಅಲೆನ್ ಕೀ ಬೋಲ್ಟಿನಲ್ಲೇ ಇರಲಿ, ಅದರ ಮೇಲೆ ರಬ್ಬರ್ ಸುತ್ತಿಗೆಯಿಂದ ಗಟ್ಟಿಯಾಗಿ ಒಂದೆರಡು ಪೆಟ್ಟು. ಒಳಗಿನ ಶಾಫ್ಟ್ ಬಿಟ್ಟುಕೊಳ್ಳುವುದು ಕೈಗೆ ಗೊತ್ತಾಗುತ್ತದೆ. ಆಮೇಲೆ ಬೋಲ್ಟ್ ತೆಗೆದು, ಕೆಳಗೆ ಹಳೆಯ ಪಾತ್ರೆ ಇಟ್ಟು, ಲೋವರ್ ಎಳೆಯಿರಿ.

ಸ್ಟ್ಯಾಂಚನ್ ಒರೆಸಲು ಐಸೋಪ್ರೊಪೈಲ್ ಆಲ್ಕೋಹಾಲ್ ಬಳಸಿ, ಪೆಟ್ರೋಲ್ ಬೇಡ. ಲೋವರ್ ಒಳಗೆ ಉದ್ದ ಕೋಲಿಗೆ ನೂಲು ಬಿಡದ ಬಟ್ಟೆ ಸುತ್ತಿ, ಬಟ್ಟೆ ಬಿಳಿಯಾಗಿಯೇ ಹೊರಬರುವ ತನಕ ಒರೆಸಿ. ಫೋಮ್ ರಿಂಗನ್ನು ಆಲ್ಕೋಹಾಲಿನಲ್ಲಿ ಹಿಂಡಿ, ಒಣಗಿಸಿ, ಹೊಸ ಎಣ್ಣೆಯಲ್ಲಿ ನೆನೆಸಿ ಕೂರಿಸಿ. ವೈಪರ್ ತುಟಿಗೆ ಸಸ್ಪೆನ್ಶನ್ ಗ್ರೀಸ್ ತೆಳುವಾಗಿ ಸವರಿ. ಲೋವರನ್ನು ಅರ್ಧ ಏರಿಸಿ, ಫೋರ್ಕನ್ನು ಓರೆ ಹಿಡಿದು, ಅಡಿಯ ತೂತಿನಿಂದ ಸಿರಿಂಜಿನಲ್ಲಿ ಎಣ್ಣೆ ಹಾಕಿ. ಮೆಡಿಕಲ್ ಶಾಪಿನ 20 ಮಿ.ಲೀ. ಸಿರಿಂಜ್ ಸಾಕು. ಎಷ್ಟು ಎಂಬುದು ಮಾಡೆಲ್ ವರ್ಷದ ಮೇಲೆ ಬದಲಾಗುತ್ತದೆ, ಕೈಪಿಡಿಯ ಪಟ್ಟಿ ನೋಡಿಯೇ ಅಳೆಯಿರಿ. ಹೆಚ್ಚಿಗೆ ಇರಲಿ ಎಂದು ಸುರಿದರೆ ಲೋವರ್ ಒಳಗಿನ ಗಾಳಿಯ ಜಾಗ ಕಡಿಮೆಯಾಗಿ ಟ್ರಾವೆಲ್‌ನ ಕೊನೆ ಗಟ್ಟಿಯಾಗುತ್ತದೆ. ಹೊಸ ವಾಷರ್ ಹಾಕಿ ಬೋಲ್ಟನ್ನು 7.3 ನ್ಯೂಟನ್ ಮೀಟರ್‌ಗೆ ಬಿಗಿಯಿರಿ. ಅಭ್ಯಾಸವಾದ ಮೇಲೆ ಎಲ್ಲ ಸೇರಿ ಒಂದು ಗಂಟೆಯ ಕೆಲಸ.

ಫಾಕ್ಸ್ 36ರಲ್ಲಿ ಇದೇ ಕೆಲಸಕ್ಕೆ ಅಡಿಯಲ್ಲಿರುವುದು ಬೋಲ್ಟ್ ಅಲ್ಲ, ನಟ್: ಗಾಳಿಯ ಬದಿ 10 ಮಿ.ಮೀ., ಡ್ಯಾಂಪರ್ (ಏರಿಳಿತದ ವೇಗ ಹಿಡಿಯುವ ಭಾಗ) ಬದಿ 15 ಮಿ.ಮೀ. ಅಂದರೆ ಶಾಫ್ಟಿನ ಮರೆಯೇ (ನಟ್ ಹತ್ತುವ ಸುರುಳಿ ಗೆರೆ) ಹೊರಗೆ ಕಾಣುತ್ತದೆ. ಬಿಡಿಸಲು ಪೆಟ್ಟು ಹಾಕಬೇಕಾದದ್ದು ಆ ಶಾಫ್ಟಿಗೇ. ಲಿರಿಕ್‌ನಲ್ಲಿ ಪೆಟ್ಟು ತಪ್ಪಿದರೆ ಹಾಳಾಗುವುದು ಒಂದು ಬೋಲ್ಟ್. ಇಲ್ಲಿ ತಪ್ಪಿದರೆ ಮರೆ ಒರಗುತ್ತದೆ, ನಟ್ ಹತ್ತುವುದಿಲ್ಲ, ಡ್ಯಾಂಪರಿಗೇ ಕೈ ಹಾಕಬೇಕಾಗುತ್ತದೆ. ನಟ್ಟನ್ನು ಶಾಫ್ಟಿನ ತುದಿಗೆ ಸಮವಾಗುವ ತನಕ ಮಾತ್ರ ಬಿಚ್ಚಿ, ಅದರ ಮೇಲೆ ಸಾಕೆಟ್ ಇಟ್ಟು ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟುವುದು ಸರಿಯಾದ ಕ್ರಮ. ಬೈಕ್ ಗ್ಯಾರೇಜಿನವರಿಗೆ ಕೊಟ್ಟರೆ ಕಬ್ಬಿಣದ ಸುತ್ತಿಗೆ ಎತ್ತುವ ಮೊದಲು ಅಲ್ಲೇ ನಿಂತು ಹೇಳಬೇಕು. ವಾಪಸ್ ಕಟ್ಟುವಾಗ ಬಿಗಿತ ಇನ್ನೂ ಕಡಿಮೆ, ಸುಮಾರು 5.6 ನ್ಯೂಟನ್ ಮೀಟರ್. ಕೈ ಅಂದಾಜಿನಲ್ಲಿ ಬಿಗಿಯುವವರು ಇಲ್ಲಿ ಸೋಲುತ್ತಾರೆ. ಎಡಗಾಲು, ಬಲಗಾಲಿನ ಎಣ್ಣೆಯ ಅಳತೆಯನ್ನು ಲೋವರ್ ಹಿಂದಿನ ನಾಲ್ಕಕ್ಷರದ ಕೋಡ್ ಹಾಕಿ ಹುಡುಕಬೇಕು. ಕಷ್ಟದ ಕೆಲಸವೇನಲ್ಲ. ಆದರೆ ತಿಂಗಳಿಗೊಮ್ಮೆ ಮಾಡುವ ಕೆಲಸದಲ್ಲಿ ಇಂಥ ಒಂದು ದುಬಾರಿ ತಪ್ಪಿಗೆ ಜಾಗ ಇರಬಾರದು.

ಫಾಕ್ಸ್ ಪರವಾಗಿ ಹೇಳಲೇಬೇಕಾದದ್ದೂ ಉಂಟು. 2021ರ ಮಾದರಿಯಿಂದ ಈಚೆಗೆ ಅದರ ಲೋವರ್ ಒಳಗೆ ಎಣ್ಣೆ ಮೇಲೇರಿ ಬುಷ್ ತನಕ ಹೋಗಲು ಕಾಲುವೆಗಳಿವೆ. ಸರ್ವಿಸ್ ಆದ ಮೊದಲ ಎರಡು ವಾರ ಅದರ ನಯಕ್ಕೆ ಸಾಟಿ ಇಲ್ಲ.

ಝಡ್ 1 ಕಾಯಿಲ್ ತಳದಲ್ಲಿ ಫಾಕ್ಸ್‌ನ ತಮ್ಮನೇ. ಮಾರ್ಝೋಕಿಯ ಸೈಕಲ್ ವಿಭಾಗ 2015ರಿಂದ ಫಾಕ್ಸ್ ಕೈಯಲ್ಲಿದೆ. 36 ಮಿ.ಮೀ. ಸೀಲ್, ಅದೇ ಥರದ ನಟ್. ಗಾಳಿ ಇಲ್ಲ, ಹಾಗಾಗಿ ಗಾಳಿ ಸೋರುವ ಚಿಂತೆ ಇಲ್ಲ, ಪಂಪ್ ಬೇಡ, ಮೊದಲ ಇಂಚು ಬೆಣ್ಣೆಯ ಹಾಗೆ. ಆದರೆ ನೀರು ಒಳಗೆ ಸೇರಿದರೆ ಉಕ್ಕಿನ ಸ್ಪ್ರಿಂಗ್ ನಮ್ಮ ಉಪ್ಪುಗಾಳಿಯಲ್ಲಿ ತುಕ್ಕು ಹಿಡಿಯುತ್ತದೆ. ಆ ತುಕ್ಕಿನ ಪುಡಿ ಮಣ್ಣಿಗಿಂತ ಕೆಟ್ಟದ್ದು. ಸ್ಪ್ರಿಂಗ್ ಹೊರಗೆಳೆದು ಗ್ರೀಸ್ ಹಚ್ಚುವ ಕೆಲಸವನ್ನು ಮಳೆಗಾಲದ ಮೊದಲೊಮ್ಮೆ, ಆಮೇಲೊಮ್ಮೆ ಸೇರಿಸಿಕೊಳ್ಳಿ. ತೂಕ ಬದಲಾದರೆ, ಅಥವಾ ಮನೆಯಲ್ಲಿ ಇಬ್ಬರು ಓಡಿಸುವುದಾದರೆ, ಸ್ಪ್ರಿಂಗೇ ಬದಲಿಸಬೇಕು. ತೂಕವೂ ಇತರ ಎರಡಕ್ಕಿಂತ ಸುಮಾರು ಅರ್ಧ ಕೆ.ಜಿ. ಹೆಚ್ಚು.

ಘಟ್ಟದ ಕೆಳಗಿನವರಿಗೆ ಇನ್ನೊಂದು ವಿಷಯ ಮುಖ್ಯ. ಲೋವರ್ ಮುಚ್ಚಿದ ಡಬ್ಬಿಯ ಹಾಗೆ. ಕಟ್ಟಿದ ಜಾಗದ ಗಾಳಿ ಒಳಗೇ ಉಳಿಯುತ್ತದೆ. ಇಲ್ಲಿ ಕಟ್ಟಿ ಸಕಲೇಶಪುರಕ್ಕೆ ಕಾರಿನಲ್ಲಿ ಹತ್ತಿಸಿದರೆ, ಮೇಲೆ ಹೊರಗಿನ ಒತ್ತಡ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ಇಳಿದಿರುತ್ತದೆ, ಒಳಗಿನ ಗಾಳಿ ಎದ್ದು ಒತ್ತುತ್ತದೆ. ಫೋರ್ಕ್ ಕೊನೆಯ ಟ್ರಾವೆಲ್ ಕೊಡುವುದಿಲ್ಲ. ಓಡಿಸುತ್ತಾ ಸೀಲಿನ ಮೂಲಕವೂ ಸ್ವಲ್ಪ ಗಾಳಿ ಒಳಗೆ ಸೇರುತ್ತಿರುತ್ತದೆ. 2023ರಿಂದೀಚಿನ ಲಿರಿಕ್ ಅಲ್ಟಿಮೇಟ್‌ನಲ್ಲೂ ಫಾಕ್ಸ್ 36 ಫ್ಯಾಕ್ಟರಿಯಲ್ಲೂ ಲೋವರ್ ಹಿಂದೆ ಒತ್ತುಗುಂಡಿ ಇದೆ. ತೂಕ ಹಾಕದೆ ಒತ್ತಿದರೆ ಪುಸ್ಸೆಂದು ಹೋಗುತ್ತದೆ. ಝಡ್ 1ರಲ್ಲಿ ಇಲ್ಲ. ಅದರಲ್ಲಿ ಕೇಬಲ್ ಟೈ ಒಂದನ್ನು ಸೀಲಿನ ಅಡಿಗೆ ತೂರಿಸಬೇಕು. ಆ ಜಾಗದಲ್ಲಿ ತರಿ ಮಣ್ಣು ಕೂತಿರುವಾಗ ಆ ಕೆಲಸ ಮಾಡಲು ನನಗೆ ಮನಸ್ಸು ಬರುವುದಿಲ್ಲ.

ಗಾಳಿ ಹಾಕುವಾಗ ಬೈಕ್ ನೆರಳಿನಲ್ಲಿರಲಿ. ಬೆಳಿಗ್ಗೆ 25 ಡಿಗ್ರಿಯಲ್ಲಿ 80 ಪಿಎಸ್‌ಐ ಹಾಕಿದ ಫೋರ್ಕ್ ಏಪ್ರಿಲ್ ಬಿಸಿಲಿನಲ್ಲಿ 40 ಡಿಗ್ರಿಗೆ ಕಾದರೆ 85ರ ಹತ್ತಿರ ಹೋಗುತ್ತದೆ. ಸ್ಯಾಗ್, ಅಂದರೆ ಸವಾರ ಕೂತಾಗ ಫೋರ್ಕ್ ತಗ್ಗುವ ಅಳತೆ, ಶೇ. 20 ಅಂದರೆ 150ಕ್ಕೆ 30 ಮಿ.ಮೀ.; ಲಿರಿಕ್‌ನ ಸ್ಟ್ಯಾಂಚನ್ ಮೇಲೆಯೇ ಗೆರೆ ಅಚ್ಚಾಗಿದೆ, ಉಳಿದೆರಡಕ್ಕೆ ಸ್ಕೇಲ್ ಬೇಕು. ಟೋಕನ್ ಬದಲಿಸಲು ಲಿರಿಕ್‌ಗೆ ಸಾಮಾನ್ಯ ಕ್ಯಾಸೆಟ್ ಟೂಲ್ ಸಾಕು, ಅದು ಯಾವ ಸೈಕಲ್ ಅಂಗಡಿಯಲ್ಲೂ ಇರುತ್ತದೆ.

ನಾಬ್‌ಗಳ ವಿಷಯಕ್ಕೆ ಬಂದರೆ, ಫಾಕ್ಸ್ ಗ್ರಿಪ್ 2 ಡ್ಯಾಂಪರ್‌ನಲ್ಲಿ ನಾಲ್ಕು. ದಿನನಿತ್ಯ ಓಡಿಸುವವರು ಅವನ್ನು ಒಮ್ಮೆ ತಿರುಗಿಸಿ ಮರೆಯುತ್ತಾರೆ. ಲಿರಿಕ್‌ನ ಚಾರ್ಜರ್ 3ರಲ್ಲಿ ಕಂಪ್ರೆಶನ್ನಿಗೆ (ಫೋರ್ಕ್ ಕುಗ್ಗುವ ವೇಗಕ್ಕೆ) ಸೊನ್ನೆ ನಡುವೆ ಇದೆ; ದಾರಿ ತಪ್ಪಿದರೆ ಸೊನ್ನೆಗೆ ತಂದು ಮೊದಲಿಂದ ಶುರು ಮಾಡಬಹುದು. ಝಡ್ 1ರ ಗ್ರಿಪ್ ಡ್ಯಾಂಪರ್‌ಗೆ ಮೇಲೊಂದು, ಕೆಳಗೊಂದು, ಅಷ್ಟೇ ಸಾಕಾಗುತ್ತದೆ ಕೂಡ. 35 ಮಿ.ಮೀ., 36 ಮಿ.ಮೀ. ಸ್ಟ್ಯಾಂಚನ್‌ಗಳ ಬಿಗಿಯಲ್ಲಿ 70 ಕೆ.ಜಿ.ಯವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಬಜೆಟ್ ಬಿಗಿ ಇದ್ದರೆ ಲಿರಿಕ್ ಸೆಲೆಕ್ಟ್ ತೆಗೆದುಕೊಳ್ಳಿ. ಡ್ಯಾಂಪರ್ ಸರಳ, ಅಡಿಯ ಬೋಲ್ಟ್ ಅದೇ. ಉಳಿದ ದುಡ್ಡಿಗೆ ಟಾರ್ಕ್ ರೆಂಚ್, ಶಾಕ್ ಪಂಪ್, ಎರಡು ಸೆಟ್ ಸೀಲ್ ಬರುತ್ತದೆ. ಸರ್ವಿಸ್‌ಗೆ ಕೈ ಹಾಕುವುದೇ ಇಲ್ಲ, ಬೇಸಿಗೆಯಲ್ಲಿ ಮಾತ್ರ ಓಡಿಸುವುದು, ಬೆಂಗಳೂರಿಗೆ ಹೋಗಿಬರುವುದು ಇದ್ದೇ ಇದೆ ಎನ್ನುವವರು ಫಾಕ್ಸ್ 36 ಕೊಳ್ಳಲಿ, ಅಂಥವರಿಗೆ ನನ್ನ ಆಕ್ಷೇಪ ಅನ್ವಯಿಸುವುದಿಲ್ಲ.

ಯಾವುದನ್ನೇ ಕೊಂಡರೂ ಬೈಕನ್ನು ವಾಟರ್ ಸರ್ವಿಸ್‌ಗೆ ಕೊಡಬೇಡಿ; ಆ ಪ್ರೆಶರಿನ ನೀರು ಸೀಲಿನ ತುಟಿ ಎತ್ತಿಯೇ ಒಳಗೆ ಹೋಗುತ್ತದೆ. ಬಾಲ್ದಿ ನೀರು, ಮೆತ್ತಗಿನ ಬ್ರಶ್ ಸಾಕು. ಸ್ಟ್ಯಾಂಚನ್ನಿಗೆ ತೆಂಗಿನೆಣ್ಣೆ, ಚೈನ್ ಎಣ್ಣೆ ಹಚ್ಚಬೇಡಿ, ಧೂಳು ಹಿಡಿದು ಅರದ ಹಾಗೆ ಉಜ್ಜುತ್ತದೆ. ಪಣಂಬೂರು, ಮಲ್ಪೆಯ ಮರಳಿಗೆ ಇಳಿಸಿದ್ದರೆ ಅಂದೇ ಸಂಜೆ ಸಿಹಿನೀರಿನಲ್ಲಿ ತೊಳೆಯಿರಿ. ಫೋರ್ಕ್ ಕಮಾನಿಗೆ ಬೋಲ್ಟ್ ಹಾಕುವ ಮಡ್‌ಗಾರ್ಡ್ ಮೊದಲ ದಿನವೇ ಕೂರಿಸಿ. ಸೀಲ್ ಕಿಟ್, ಅಡಿಯ ವಾಷರ್, ಎಣ್ಣೆಯನ್ನು ಮೇ ಹದಿನೈದರೊಳಗೆ ತರಿಸಿಟ್ಟುಕೊಳ್ಳಿ. ತರಿಸುವಾಗ ಸ್ಟ್ಯಾಂಚನ್ ಅಳತೆ ನೋಡಿ: ಲಿರಿಕ್‌ಗೆ 35, ಉಳಿದೆರಡಕ್ಕೆ 36, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ.